ಒಂಬತ್ತು ಕಿಲೋ ಲಂಗರು

ಬಂದರು ಕಚೇರಿಯಿಂದ ಬಂದ ಕಾಗದವನ್ನು ದಾರದಕ್ಕ ಮೂರು ಸಲ ಓದಿದಳು. ಮೊದಲ ಸಲ ಬಾಗಿಲಲ್ಲಿ ನಿಂತು, ಎರಡನೇ ಸಲ ಹೊಲಿಗೆ ಯಂತ್ರದ ಮುಂದೆ ಕೂತು, ಮೂರನೇ ಸಲ ಗಂಡನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ. ಗಂಡ ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ಕೈ ನಿಲ್ಲಲಿಲ್ಲ.

ಕಾಗದದಲ್ಲಿದ್ದದ್ದು ಇಷ್ಟೇ. ಜನರನ್ನು ಸಾಗಿಸುವ ದೋಣಿಗಳಿಗೆ ಎರಡು ವರ್ಷಕ್ಕೊಮ್ಮೆ ಲಂಗರಿನ ಪರೀಕ್ಷೆ. ಅಧಿಕಾರಿ ತೋರಿಸಿದ ಜಾಗದಲ್ಲಿ ಲಂಗರು ಹಾಕಬೇಕು, ದೋಣಿ ಅರ್ಧ ಗಂಟೆ ಕದಲದೆ ನಿಲ್ಲಬೇಕು, ಆಮೇಲೆ ಆ ಲಂಗರನ್ನು ಹೊರಗಿನವರ ನೆರವಿಲ್ಲದೆ ಎತ್ತಿಕೊಂಡು ಬರಬೇಕು. ಒಬ್ಬರೇ ಮಾಡಬಹುದು, ಇಬ್ಬರೂ ಮಾಡಬಹುದು. ಇಬ್ಬರಾದರೆ ಒಬ್ಬರಿಗೆ ಚುಕ್ಕಾಣಿ, ಒಬ್ಬರಿಗೆ ಲಂಗರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬರುವ ಗುರುವಾರದ ಪರೀಕ್ಷೆಗೆ ಬಾರದಿದ್ದರೆ, ಬಂದು ಸೋತರೆ, ಪರವಾನಗಿ ರದ್ದು.

ದಾರದಕ್ಕ ಎಂಬುದು ಬಂದರಿನವರು ಇಟ್ಟ ಹೆಸರು. ದೋಣಿಗಳ ಚಾವಣಿಯ ಕ್ಯಾನ್ವಾಸು, ಆಸನದ ಹೊದಿಕೆ, ಎಂಜಿನ್ನಿನ ಮುಸುಕು, ಎಲ್ಲವೂ ಅವಳ ಯಂತ್ರದ ಕೆಳಗೆ ಹಾದು ಬಂದವೇ. ಬಂದ ಗಿರಾಕಿಗೆಲ್ಲ ಅವಳು ಹೇಳುವ ಮಾತು ಒಂದೇ: "ಬಟ್ಟೆ ಹರಿದ್ರೆ ನನ್ನ ಕೇಳ್ಬೇಡಿ. ಹೊಲಿಗೆ ಹರಿದ್ರೆ ಮಾತ್ರ ತಂದು ಮುಖಕ್ಕೆ ಎಸೀರಿ." ಇಪ್ಪತ್ತು ವರ್ಷದಲ್ಲಿ ಯಾರೂ ತಂದು ಎಸೆದಿರಲಿಲ್ಲ. ಆ ಬಗ್ಗೆ ಅವಳಿಗೆ ಜಂಬವೂ ಇತ್ತು, ಇರಲಿ ಬಿಡಿ, ಅಷ್ಟು ಜಂಬ ಯಾರಿಗಾದರೂ ಬೇಕಾಗುತ್ತದೆ.

ಗಂಡನದು ಇಪ್ಪತ್ತಾರು ವರ್ಷದ ದೋಣಿ ಕೆಲಸ. ದಡದಿಂದ ದೂರ ನಿಲ್ಲುವ ದೊಡ್ಡ ದೋಣಿಗಳ ಆಳುಗಳನ್ನು ದಡಕ್ಕೆ ಕರೆತರುವುದು, ಮತ್ತೆ ಒಯ್ದು ಬಿಡುವುದು. ಸವಾರರು ತಾವೇ ಹತ್ತುತ್ತಾರೆ, ತಾವೇ ಇಳಿಯುತ್ತಾರೆ. ಆ ಕೆಲಸದಲ್ಲಿ ಕೈಯಾರೆ ಎತ್ತಬೇಕಾದ ವಸ್ತು ಒಂದೇ, ಕಾಯುತ್ತಾ ನಿಲ್ಲುವಾಗ ಹಾಕಿದ ಲಂಗರು. ಎಂಟು ತಿಂಗಳ ಹಿಂದೆ ಅದು ತಳದ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಬುದ್ಧಿಯಿದ್ದವನು ಹಗ್ಗ ಕೊಯ್ದು ಮನೆಗೆ ಬರುತ್ತಿದ್ದ. ಇವನು ಹಠಕ್ಕೆ ಬಿದ್ದು, ದೋಣಿಯ ಅಂಚಿಗೆ ಕಾಲು ಕೊಟ್ಟು ಎಳೆದ. ಇಪ್ಪತ್ತೆರಡು ಕಿಲೋದ ಲಂಗರೇನೋ ಬಂತು. ಅದರ ಜೊತೆ ಬಲಭುಜದೊಳಗಿನ ಏನೋ ಒಂದು ಕಿತ್ತು ಬಂತು. ಆಪರೇಷನ್ ಆಯಿತು. ಐದು ಕಿಲೋಗಿಂತ ಹೆಚ್ಚಿನದು ಇನ್ನು ಎತ್ತುವಂತಿಲ್ಲ, ಇನ್ನೊಮ್ಮೆ ಕಿತ್ತರೆ ಕೈ ಊಟದ ತಟ್ಟೆಯವರೆಗೂ ಏಳುವುದಿಲ್ಲ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದರು.

ಅಂದಿನಿಂದ ಅವನು ಸ್ಟೂಲಿನ ಮೇಲೆ. ಗುಂಡಿ ವಿಂಗಡಿಸುವುದು ಕೀಳು ಕೆಲಸವೇನಲ್ಲ, ದಾರದಕ್ಕನೇ ಮಾಡುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ಅವನು ವಿಂಗಡಿಸಿದ ಅಷ್ಟೂ ಗುಂಡಿಗಳನ್ನು ಮತ್ತೆ ಒಂದೇ ಬಟ್ಟಲಿಗೆ ಸುರಿದು, ಕೈಯಾಡಿಸಿ, ಮೊದಲಿನಿಂದ ಶುರು ಮಾಡಿದ್ದನ್ನು ಅವಳು ಕಣ್ಣಾರೆ ಕಂಡಳು. ಅವತ್ತು ಅವಳಿಗೆ ನಿಜಕ್ಕೂ ಭಯವಾಯಿತು. ದೋಣಿ ಹೋದರೆ ಈ ಮನುಷ್ಯ ಸಾಯುವ ತನಕ ಈ ಸ್ಟೂಲಿನಿಂದ ಏಳುವುದಿಲ್ಲ ಎಂದು ಅವಳ ಮನಸ್ಸಿಗೆ ಬಂದಿತ್ತು.

ಅದಕ್ಕೇ ಕಾಗದವನ್ನು ಮಡಿಸಿಟ್ಟು ಹೇಳಿದಳು, "ನೀವು ಚುಕ್ಕಾಣಿ ಹಿಡೀರಿ. ಲಂಗರಿಗೆ ನಾನು ನಿಲ್ತೀನಿ."

ಗಂಡ ತಲೆ ಎತ್ತಿದ. "ನಿನ್ನ ತೂಕ ಎಷ್ಟು?"

"ನಲವತ್ತೆಂಟು."

"ಲಂಗರು ಇಪ್ಪತ್ತೆರಡು. ಹಾಕುವಾಗ ಅದು ನಿನ್ನನ್ನ ಕೆಳಗೆ ಕರ್ಕೊಂಡು ಹೋಗುತ್ತೆ. ಎತ್ತುವಾಗ ನೀನು ಮೇಲೆ ಬರ್ಬೇಕಲ್ಲ, ಆಗ ಯಾರನ್ನ ಕರೆಯೋದು?"

ಇದು ಎಂಟು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು. ಹಂಗಿಸಲಿಕ್ಕಾದರೂ ಬಾಯಿ ಬಿಟ್ಟನಲ್ಲ ಎಂದು ಅವಳು ಸಂತೋಷಪಟ್ಟಳು. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ಬೇಕಾದಾಗ ಮಾತ್ರ ಕಿವಿ ಕೇಳುವ ಹೆಂಗಸು ಅದು. "ಅದಕ್ಕಿಂತ ಚಿಕ್ಕ ಲಂಗರು ಲೋಕದಲ್ಲಿ ಇಲ್ವೇನೋ?"

*

ಹಳೇ ದೋಣಿ ಸಾಮಾನಿನ ಅಂಗಡಿ ಗೋದಾಮಿನ ಸಾಲಿನ ಕೊನೆಗಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಮುರಿದ ಪ್ರೊಪೆಲರು, ಹಗ್ಗದ ಸುರುಳಿ, ಗಾಜಿಲ್ಲದ ದೀಪ, ಅವುಗಳ ನಡುವೆ ಗೋಡೆಗೆ ಒರಗಿ ನಿಂತ ಲಂಗರುಗಳು. ಅಂಗಡಿಯ ಮುದುಕ ಕನ್ನಡಕದ ಮುರಿದ ಕಾಲಿಗೆ ತಂತಿ ಸುತ್ತಿಕೊಂಡಿದ್ದ. ಗಂಡ ಒಳಗೆ ಬರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಮುಖ ಗಂಟು ಹಾಕಿಕೊಂಡು ಬೀದಿ ನೋಡುತ್ತಾ ನಿಂತ.

"ಹಗುರದ್ದು ಒಂದು ತೋರಿಸಿ," ಎಂದಳು ದಾರದಕ್ಕ.

"ಹಗುರ, ಭಾರ ಆಮೇಲೆ," ಎಂದ ಮುದುಕ. "ನಿನ್ನ ಹತ್ರ ಬಂದು ಯಾರಾದ್ರೂ 'ಒಂದು ಅಂಗಿ ಕೊಡಿ' ಅಂದ್ರೆ ಕೊಡ್ತೀಯಾ? ಯಾರಿಗೆ, ಎಲ್ಲಿಗೆ, ಅಳತೆ ಏನು ಅಂತ ಕೇಳಲ್ವಾ?"

ಅವಳಿಗೆ ಆ ಮಾತು ಇಷ್ಟವಾಯಿತು. ಅಳತೆ ಹೇಳಿದಳು. ದೋಣಿ ಏಳು ಮೀಟರು ಉದ್ದ, ನಿಲ್ಲುವ ಕಡೆ ನೀರಿನ ಆಳ ಐದಾರು ಮೀಟರು, ತಳ ಬಹುಪಾಲು ಕೆಸರು, ಹಳೇ ಗೋಡೆ ಕುಸಿದ ಕಡೆ ಕಲ್ಲು.

ಮುದುಕ ಮೂರು ಲಂಗರುಗಳನ್ನು ಎಳೆದು ಹಾಕಿದ. ಮೊದಲನೆಯದು ನಾಲ್ಕು ಕೊಕ್ಕೆಯ ಮಡಚುವ ಲಂಗರು, ಕಲ್ಲಿಗೆ ಚೆನ್ನ, ಕೆಸರಿನಲ್ಲಿ ಜಾರುತ್ತದೆ. ಎರಡನೆಯದು ಎರಡು ಚಪ್ಪಟೆ ರೆಕ್ಕೆಯದು; ಕೆಸರಿಗೆ ಹೇಳಿ ಮಾಡಿಸಿದ್ದು, ಆದರೆ ಗಾಳಿ ತಿರುಗಿ ದೋಣಿ ಸುತ್ತು ಹೊಡೆದರೆ ಕಿತ್ತುಕೊಂಡು ಬರುತ್ತದೆ. ಮೂರನೆಯದು ನೇಗಿಲಿನ ಗುಳದಂಥದು, ಒಂದೇ ಮೂಗು, ಒಂಬತ್ತು ಕಿಲೋ. ದಾರದಕ್ಕ ಮೂರನ್ನೂ ಎತ್ತಿ ನೋಡಿದಳು. ನೇಗಿಲಿನದನ್ನು ಎತ್ತಿಕೊಂಡು ಅಂಗಡಿಯೊಳಗೇ ಆ ತುದಿಯಿಂದ ಈ ತುದಿಗೆ ನಡೆದಳು, ಬಗ್ಗಿ ಇಟ್ಟಳು, ಮತ್ತೆ ಎತ್ತಿದಳು.

ಬಾಗಿಲಿನಿಂದ ಗಂಡ ಅಂದ, "ಆಟದ ಸಾಮಾನು."

"ಒಳಗೆ ಬಂದು ಹೇಳಯ್ಯಾ, ಬೀದಿಗೇನು ಹೇಳ್ತೀಯ," ಎಂದ ಮುದುಕ. "ಲಂಗರು ಹಿಡಿಯೋದು ತೂಕದಿಂದಲ್ಲ. ಮಲಗಿಸಿ ಎಳೆದ್ರೆ ಹಿಡಿಯುತ್ತೆ, ನಿಲ್ಲಿಸಿ ಎಳೆದ್ರೆ ಬಿಡುತ್ತೆ. ಮುಂದೆ ಆರು ಮೀಟರು ಸರಪಳಿ ಹಾಕಿ, ಆಳದ ಏಳರಷ್ಟು ಹಗ್ಗ ಬಿಡಿ. ಈ ಆಟದ ಸಾಮಾನು ನಿನ್ನ ಭಾರದ ಕಬ್ಬಿಣಕ್ಕಿಂತ ಗಟ್ಟಿಯಾಗಿ ಹಿಡಿಯುತ್ತೆ. ನೀನು ಇಷ್ಟು ವರ್ಷ ಹಗ್ಗ ಕಡಿಮೆ ಬಿಟ್ಟು ತೂಕದಲ್ಲಿ ದೋಣಿ ನಿಲ್ಲಿಸಿದ್ದೀಯ, ಅಷ್ಟೇ."

ಗಂಡನಿಗೆ ಉರಿಯಿತು. ಉರಿದದ್ದಕ್ಕೇ ಒಳಗೆ ಬಂದ. "ಸರಿ. ಹಿಡೀತು ಅಂತ ಇಟ್ಕೊಳ್ಳಿ. ಕಲ್ಲಿಗೆ ಸಿಕ್ಕಿದ್ರೆ ಬಿಡಿಸೋರು ಯಾರು? ಇವಳಾ?"

ಮುದುಕ ಇದಕ್ಕೇ ಕಾಯುತ್ತಿದ್ದವನಂತೆ ಲಂಗರನ್ನು ನೆಲದ ಮೇಲೆ ಮಲಗಿಸಿದ. ಲಂಗರಿನ ಒಂದು ತುದಿಯಲ್ಲಿ ತಲೆ, ಅಲ್ಲೊಂದು ಕಬ್ಬಿಣದ ಬಳೆ. ಇನ್ನೊಂದು ತುದಿಯಲ್ಲಿ ಮಣ್ಣಿಗೆ ಹೊಕ್ಕುವ ಮೂಗು, ಅದರ ಹಿಂಬದಿಯ ಬಾಲದಲ್ಲೊಂದು ತೂತು. ಎಲ್ಲರೂ ಸರಪಳಿಯನ್ನು ತಲೆಯ ಬಳೆಗೆ ಹಾಕುತ್ತಾರೆ. ಮೂಗು ಕಲ್ಲಿನಡಿ ಸಿಕ್ಕಿಕೊಂಡಾಗ ತಲೆ ಹಿಡಿದು ಎಳೆದರೆ ಇನ್ನೂ ಒಳಗೆ ಹೊಕ್ಕುತ್ತದೆ. ಬಾಲ ಹಿಡಿದು ಎಳೆದರೆ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಹಾಗಾಗಿ ಮುದುಕ ಸರಪಳಿಯನ್ನು ಬಾಲಕ್ಕೆ ಬಿಗಿದ. ಅಲ್ಲಿಂದ ಲಂಗರಿನ ಬೆನ್ನುದ್ದಕ್ಕೂ ತಂದು ತಲೆಯ ಬಳೆಗೆ ತಾಗಿಸಿ ಹಿಡಿದ.

"ಇಲ್ಲಿ ಬರೀ ದಾರದಲ್ಲಿ ಕಟ್ಟೋದು," ಎಂದ. "ದಾರ ಇರೋವರೆಗೂ ತಲೆಯಿಂದ ಎಳೆದ ಹಾಗೇ. ಸಿಕ್ಕಿಕೊಂಡ್ರೆ ದೋಣೀನ ನೇರ ಲಂಗರಿನ ಮೇಲಕ್ಕೆ ತಂದು, ಹಗ್ಗಾನ ದೋಣಿಯ ಮೂತಿಯಲ್ಲಿರೋ ಗೂಟಕ್ಕೆ ಸುತ್ತಿ, ಎಂಜಿನ್ ಕೊಡಿ. ದಾರ ಹರಿಯುತ್ತೆ, ಬಾಲ ಹಿಡಿದ ಬೆಕ್ಕಿನ ಹಾಗೆ ಆಚೆ ಬರುತ್ತೆ."

"ದಾರ ನನಗೆ ಬಿಡಿ," ಎಂದಳು ದಾರದಕ್ಕ. ಅವಳ ಮುಖ ಅರಳಿತ್ತು. ಲಂಗರಿನ ಲೋಕದಲ್ಲಿ ತನಗೆ ಗೊತ್ತಿರುವುದೂ ಒಂದಿದೆ ಎಂದು ತಿಳಿದದ್ದಕ್ಕೇ ಅವಳಿಗೆ ಅರ್ಧ ಪರೀಕ್ಷೆ ಪಾಸಾದಷ್ಟು ಧೈರ್ಯ ಬಂದಿತ್ತು.

*

ಅವಳು ಮನೆಗೆ ಬಂದವಳೇ ಅಂಗಡಿಯಲ್ಲಿದ್ದ ಅತ್ಯುತ್ತಮ ದಾರ ತೆಗೆದಳು. ಭಾರದ ಚೀಲಗಳನ್ನು ಹೊಲಿಯುವ, ಮೇಣ ಹಚ್ಚಿದ ನೈಲಾನು. ಸರಪಳಿಯ ಕೊಂಡಿಯನ್ನೂ ತಲೆಯ ಬಳೆಯನ್ನೂ ಸೇರಿಸಿ ಹತ್ತು ಸುತ್ತು ಸುತ್ತಿದಳು, ಅಡ್ಡಕ್ಕೆ ನಾಲ್ಕು ಸುತ್ತು ಬಿಗಿದಳು, ಗಂಟಿಗೆ ಬೆಂಕಿ ತಾಗಿಸಿ ಕರಗಿಸಿ ಒತ್ತಿದಳು. ನೋಡಲಿಕ್ಕೇ ಚೆಂದವಿತ್ತು. ಗಂಡನಿಗೂ ತೋರಿಸಿದಳು. ಅವನು ಬೆರಳಿನಿಂದ ಎಳೆದು ನೋಡಿ, "ಗಟ್ಟಿಯಾಗಿದೆ," ಎಂದ. ಮೆಚ್ಚುಗೆಯ ಮಾತು ಅವನ ಬಾಯಿಂದ ಬಂದ ಖುಷಿಯಲ್ಲಿ ಇಬ್ಬರಿಗೂ ಇನ್ನೇನೂ ಹೊಳೆಯಲಿಲ್ಲ.

ಹಗ್ಗಕ್ಕೆ ಹತ್ತತ್ತು ಮೀಟರಿಗೊಂದು ಬಣ್ಣದ ಬಟ್ಟೆಯ ತುಂಡು ಹೊಲಿದಳು, ಎಷ್ಟು ಬಿಟ್ಟೆ ಎಂದು ನೀರಿನ ಮೇಲೆ ಎಣಿಸುತ್ತಾ ಕೂರಬಾರದಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೂ ಹೋಗಿ ಕುಸಿದ ಗೋಡೆಯ ಹತ್ತಿರ ಲಂಗರು ಇಳಿಸಿದರು. ಮೊದಲು ಅವಳು ಎತ್ತಿ ಬಿಸಾಡಲು ಹೋದಳು. "ಎಸೀಬೇಡ, ಇಳಿಸು!" ಎಂದ ಗಂಡ. "ಎಸೆದ್ರೆ ಸರಪಳಿ ಅದರ ಮೇಲೇ ರಾಶಿ ಬೀಳುತ್ತೆ. ತಳ ಮುಟ್ಟಿದ ಮೇಲೆ ದೋಣಿ ಹಿಂದೆ ಹೋಗ್ತಾ ಹೋಗ್ತಾ ಹಗ್ಗ ಬಿಡು." ಇಳಿಸಿದಳು, ಬಿಟ್ಟಳು, ಬಟ್ಟೆಯ ತುಂಡುಗಳನ್ನು ಎಣಿಸಿದಳು, ಗೂಟಕ್ಕೆ ಸುತ್ತಿದಳು. ಹಗ್ಗ ಬಿಗಿಯಿತು, ದೋಣಿ ಒಮ್ಮೆ ಮೂತಿ ತಗ್ಗಿಸಿ ನಿಂತಿತು. ಗಂಡ ಎಂಜಿನ್ನನ್ನು ಹಿಂದಕ್ಕೆ ಕೊಟ್ಟ. ಕದಲಲಿಲ್ಲ. ಇನ್ನೂ ಕೊಟ್ಟ. ಕದಲಲಿಲ್ಲ. ಆಟದ ಸಾಮಾನು ಎಂಬ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ತೊಂದರೆ ಬಂದದ್ದು ಎತ್ತುವಾಗ. ಹಗ್ಗ ಸೇದುತ್ತಾ ಲಂಗರಿನ ನೇರಕ್ಕೆ ಬಂದರು. ಅವಳು ಎಳೆದಳು, ಅಲುಗಲಿಲ್ಲ. ಮುದುಕ ಹೇಳಿದಂತೆ ಗೂಟಕ್ಕೆ ಸುತ್ತಿ ಎಂಜಿನ್ ಕೊಡಿಸಿದಳು. ಈಗ ದಾರ ಹರಿಯಬೇಕು. ಹರಿಯಲಿಲ್ಲ. ದೋಣಿಯ ಮೂತಿ ಬಗ್ಗಿತು, ಇನ್ನೂ ಬಗ್ಗಿತು, ಒಂದು ಬೊಗಸೆ ನೀರು ಅಂಚು ದಾಟಿ ಒಳಗೆ ಬಂದು ಅವಳ ಪಾದ ತೋಯಿಸಿತು.

ಅಷ್ಟರಲ್ಲಿ ಗಂಡ ಚುಕ್ಕಾಣಿ ಬಿಟ್ಟು ಅವಳ ಪಕ್ಕ ಬಂದಿದ್ದ. ಒಂದು ಕಾಲನ್ನು ಅಂಚಿಗೆ ಕೊಟ್ಟಿದ್ದ. ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದ. ಎಂಟು ತಿಂಗಳ ಹಿಂದಿನ ಅದೇ ಕಾಲು, ಅದೇ ಕೈ. ದಾರದಕ್ಕ ಯೋಚನೆ ಮಾಡಲಿಲ್ಲ. ಪಕ್ಕದಲ್ಲಿದ್ದ ಖಾಲಿ ಎಣ್ಣೆ ಕ್ಯಾನಿನ ಹಿಡಿಗೆ ಹಗ್ಗದ ತುದಿಯನ್ನು ಗಂಟು ಹಾಕಿದಳು, ಗೂಟದ ಸುತ್ತು ಬಿಚ್ಚಿದಳು, ಅವನ ಕೈಯಿಂದ ಕಿತ್ತು ಅಷ್ಟನ್ನೂ ನೀರಿಗೆ ಬಿಟ್ಟಳು. ದೋಣಿ ಧಡಾರನೆ ಮೇಲೆದ್ದಿತು. ಕ್ಯಾನು ನೀರಿನ ಮೇಲೆ ತೇಲುತ್ತಾ ಹಿಂದೆ ಉಳಿಯಿತು.

"ಏನು ಮಾಡ್ದೆ ನೀನು!" ಗಂಡ ಕೂಗಿದ. "ಲಂಗರು ಬಿಟ್ಟು ಬಂದೋರು ಯಾರಾದ್ರೂ ಇದಾರಾ? ನಾಳೆ ಬಂದರಲ್ಲಿ ನಾನು ಮುಖ ಎತ್ಕೊಂಡು ತಿರುಗ್ಬೇಕೋ ಬೇಡ್ವೋ?"

"ಮುಖ ಎತ್ತೋದಿರ್ಲಿ. ತೋಳು ಎತ್ತೋಕಾಗುತ್ತಾ?" ಅವಳು ಕ್ಯಾನಿನ ಕಡೆ ಬೆರಳು ತೋರಿಸಿದಳು. "ಲಂಗರು ಹೋದ್ರೆ ಗುಜರೀಲಿ ಇನ್ನೊಂದು ಸಿಗುತ್ತೆ. ನಿಮ್ಮ ತೋಳು ಸಿಗುತ್ತೇನ್ರೀ?"

ಗಂಡ ದೋಣಿಯನ್ನು ಬಂದರಿನ ಕಡೆ ತಿರುಗಿಸಿದ. ಅವಳು ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಪರೀಕ್ಷೆಗೆ ನಾಲ್ಕು ದಿನವಿತ್ತು.

*

ಸೋಮವಾರ ಬೆಳಿಗ್ಗೆ ಅವಳು ಅಂಗಡಿಗೆ ಬಂದಾಗ ಗಂಡ ಸ್ಟೂಲಿನ ಮೇಲಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು, ಅವಳ ಸೀಮೆಸುಣ್ಣದಿಂದ ಮೇಜಿನ ಮೇಲೆ ಗೀರುತ್ತಿದ್ದ. ಕುಸಿದ ಗೋಡೆ, ಕ್ಯಾನು, ಗಾಳಿಯ ಬಾಣ.

"ನಿನ್ನೆ ಗಾಳಿ ಬಡಗಣದಿಂದ," ಎಂದ, ತಲೆ ಎತ್ತದೆ. "ಹಾಗಾದ್ರೆ ಲಂಗರಿನ ಮೂಗು ಈ ಕಡೆ ಹೊಕ್ಕಿದೆ. ಅದು ಹೊಕ್ಕ ಕಡೆಗೇ ನಾವು ಎಳೆದ್ವಿ. ಆ ಕಡೆಯಿಂದ ಹೋಗಿ ಹಗ್ಗ ಉದ್ದ ಬಿಟ್ಟು, ತಿರುಗಾಮುರುಗಾ ಎಳೀಬೇಕು. ಬೆಳಿಗ್ಗೆ ನೀರು ಇಳಿದಿರುತ್ತೆ. ಚಪ್ಪಲಿ ಹಾಕು, ಹೋಗೋಣ."

ದಾರದಕ್ಕ ಚಪ್ಪಲಿ ಹಾಕಿಕೊಂಡೇ ಇದ್ದಳು. ಆದರೂ ಒಂದು ಸಲ ಬಗ್ಗಿ ಪಟ್ಟಿ ಸರಿ ಮಾಡಿಕೊಂಡಳು. ಅವನು ಹೊರಡು ಎಂದದ್ದನ್ನು ಕೇಳಿ ಕಣ್ಣು ತುಂಬಿ ಬಂದಿತ್ತು.

ಕ್ಯಾನು ಅಲ್ಲೇ ಇತ್ತು. ಅದನ್ನು ಕೊಕ್ಕೆಯಿಂದ ಎಳೆದುಕೊಂಡರು. ಗಂಡ ದೋಣಿಯನ್ನು ದೊಡ್ಡ ಸುತ್ತು ತಿರುಗಿಸಿ ಎದುರು ದಿಕ್ಕಿಗೆ ತಂದ, ಅವಳು ಹಗ್ಗವನ್ನು ಗೂಟಕ್ಕೆ ಸುತ್ತಿದಳು, ಅವನು ನಿಧಾನಕ್ಕೆ ಎಂಜಿನ್ ಕೊಟ್ಟ. ಹಗ್ಗ ಬಿಗಿಯಿತು, ಒಮ್ಮೆ ಗುಂಯ್ ಎಂದಿತು, ಆಮೇಲೆ ದೋಣಿ ಇದ್ದಕ್ಕಿದ್ದಂತೆ ಮುಂದಕ್ಕೆ ನುಗ್ಗಿ ದಾರದಕ್ಕ ಕೂತಲ್ಲೇ ಉರುಳಿದಳು. ಲಂಗರು ಬಿಟ್ಟಿತ್ತು. ಅದು ನೀರಿನಿಂದ ಮೇಲೆ ಬಂದಾಗ ಇಬ್ಬರೂ ಬಗ್ಗಿ ನೋಡಿದರು. ಮೂಗಿನ ಬಣ್ಣ ಕೆತ್ತಿ ಹೋಗಿತ್ತು. ಒಂದು ಕೊಂಡಿ ಸೊಟ್ಟಗಾಗಿತ್ತು. ನೈಲಾನು ದಾರ ಮಾತ್ರ ಹೊಸ ಮದುಮಗಳಂತೆ ಮಿರಮಿರ ಮಿಂಚುತ್ತಿತ್ತು.

"ನೋಡಿ," ಎಂದಳು ದಾರದಕ್ಕ, ಅಭ್ಯಾಸಬಲದಿಂದ. "ಒಂದೇ ಒಂದು ಎಳೇನೂ ಹರಿದಿಲ್ಲ."

"ಹರೀಲಿ ಅಂತಲೇ ಕಟ್ಟಿದ್ದು ಕಣೇ!" ಎಂದ ಗಂಡ.

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಗಂಡನಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಭುಜ ನೋಯುತ್ತದೆ ಎಂದು ಎಡಗೈಯಲ್ಲಿ ಬಲಭುಜ ಒತ್ತಿ ಹಿಡಿದು ನಕ್ಕ. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಆದರೆ ಆ ನಗುವನ್ನು ಕೇಳದೆ ಎಷ್ಟು ದಿನವಾಗಿತ್ತೆಂದರೆ ಇನ್ನಷ್ಟು ಹೊತ್ತು ನಗಲಿ ಎಂದು ಸುಮ್ಮನೆ ಬೈಸಿಕೊಂಡವಳಂತೆ ಮುಖ ಮಾಡಿಕೊಂಡು ಕೂತಳು.

*

ಹರಿಯುವ ಹಾಗೆ ಕಟ್ಟುವುದು ದಾರದಕ್ಕನಿಗೆ ಬಾರದ ವಿದ್ಯೆ. ಕೈಯೇ ಒಪ್ಪುವುದಿಲ್ಲ. ತೀರಾ ಸಡಿಲವಾದರೆ ದೋಣಿ ನಿಂತಿರುವಾಗಲೇ ಹರಿದು, ಲಂಗರು ಬಾಲ ಮೇಲಾಗಿ ಕಿತ್ತು ಬಂದು, ದೋಣಿ ಗಾಳಿಪಾಲಾಗುತ್ತದೆ. ತೀರಾ ಗಟ್ಟಿಯಾದರೆ ಏನಾಗುತ್ತದೆಂದು ಭಾನುವಾರ ನೋಡಿದ್ದಾಗಿತ್ತು. ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು.

"ಲೆಕ್ಕ ಬೇಡ," ಎಂದ ಗಂಡ. "ಎಂಜಿನ್ನೇ ಹೇಳಲಿ. ದೋಣೀನ ದಡದ ಕಂಬಕ್ಕೆ ಕಟ್ಟೋಣ, ನಡುವೆ ನಿನ್ನ ದಾರ ಇರಲಿ. ಅರ್ಧ ಎಂಜಿನ್ನಿಗೆ ಹರೀಬಾರದು. ಪೂರ್ತಿ ಕೊಟ್ರೆ ಹರೀಲೇಬೇಕು."

ಮಂಗಳವಾರ, ಬುಧವಾರ ಎರಡೂ ದಿನ ಅವರು ಅದನ್ನೇ ಮಾಡಿದರು. ದಾರದಕ್ಕ ನೈಲಾನು ಬಿಟ್ಟು ದಪ್ಪ ಹತ್ತಿ ದಾರ ತಂದಳು, ನೀರಲ್ಲಿ ನೆನೆಸಿ ಕಟ್ಟಿದಳು. ಮೂರು ಸುತ್ತು, ಅರ್ಧ ಎಂಜಿನ್ನಿಗೇ ಪಟ್ ಎಂದಿತು. ಒಂಬತ್ತು ಸುತ್ತಿಗೆ ಕಂಬವೇ ಅಲುಗಾಡಿತು ಹೊರತು ದಾರ ಜಗ್ಗಲಿಲ್ಲ. ಅತ್ತೆ ಕೊಡೆ ಹಿಡಿದು ಮೆಟ್ಟಿಲ ಮೇಲೆ ಕೂತು ಹರಿದ ತುಂಡುಗಳನ್ನೆಲ್ಲ ಮಡಿಲಲ್ಲಿ ಶೇಖರಿಸಿದಳು. ದಾರಿಯಲ್ಲಿ ಹೋಗುವ ದೋಣಿಯವರು ನಿಂತು ನಕ್ಕರು. "ಏನಕ್ಕಾ, ಹೊಲಿಯೋದು ಬಿಟ್ಟು ಹರಿಯೋ ಅಂಗಡಿ ಇಟ್ಟೆಯಾ?"

"ನಿಮ್ಮ ಬಾಯಿಗೆ ಹೊಲಿಗೆ ಹಾಕೋದೊಂದು ಬಾಕಿ ಇದೆ, ಬನ್ನಿ," ಎಂದಳು ದಾರದಕ್ಕ.

ಗಂಡ ಚುಕ್ಕಾಣಿಯಿಂದ "ಇನ್ನೊಂದು ಸುತ್ತು ಹಾಕು! ಈಗ ಒಂದು ತೆಗಿ!" ಎಂದು ಕೂಗುತ್ತಲೇ ಇದ್ದ. ಬುಧವಾರ ಸಂಜೆಯ ಹೊತ್ತಿಗೆ ಆರು ಸುತ್ತು ಎಂದು ತೀರ್ಮಾನವಾಯಿತು. ಐದು ಸಲ ಕಟ್ಟಿದರು, ಐದು ಸಲವೂ ಅರ್ಧಕ್ಕೆ ತಡೆಯಿತು, ಪೂರ್ತಿಗೆ ಹರಿಯಿತು.

*

ಗುರುವಾರ ಗಾಳಿ ಜೋರಿತ್ತು. ಅಧಿಕಾರಿ ಸಣಕಲ ಮನುಷ್ಯ, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡಿದ್ದ, ದೋಣಿ ಹತ್ತುವಾಗ ಮುಖ ಆಗಲೇ ಬಿಳಿಚಿಕೊಂಡಿತ್ತು. ಬಂದರಿನ ಅಧಿಕಾರಿಗೆ ನೀರು ಆಗಿಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಮನುಷ್ಯ ಗಟ್ಟಿ. ಒಂದು ಕೈಯಲ್ಲಿ ಅಂಚು ಹಿಡಿದುಕೊಂಡೇ ಕುಸಿದ ಗೋಡೆಯ ಕಡೆ ಬೆರಳು ತೋರಿಸಿದ. "ಅಲ್ಲಿ ಹಾಕಿ. ಯಾರ ಕೆಲಸ ಯಾವುದು ಅಂತ ಗೊತ್ತಿದೆಯಲ್ಲ? ಅದಲುಬದಲು ಮಾಡೋ ಹಾಗಿಲ್ಲ."

ದಾರದಕ್ಕ ಲಂಗರು ಇಳಿಸಿದಳು. ಕೆಂಪು ಬಟ್ಟೆ, ಹಳದಿ ಬಟ್ಟೆ, ಹಸಿರು ಬಟ್ಟೆ ಒಂದೊಂದಾಗಿ ಕೈಯಿಂದ ಜಾರಿ ನೀರಿಗೆ ಹೋದವು. ಅಧಿಕಾರಿ ಅದನ್ನು ನೋಡಿ ಏನೋ ಬರೆದುಕೊಂಡ. ಗಂಡ ಅರ್ಧ ಎಂಜಿನ್ ಹಿಂದಕ್ಕೆ ಕೊಟ್ಟ. ದಾರ ತಡೆಯಿತು. ಅಧಿಕಾರಿ ದಡದ ಒಂದು ದೀಪದ ಕಂಬವನ್ನೂ ಅದರ ಹಿಂದಿನ ಚಿಮಣಿಯನ್ನೂ ಒಂದೇ ಗೆರೆಗೆ ತಂದು ನೋಡುತ್ತಾ ಅರ್ಧ ಗಂಟೆ ಕೂತ. ಕಂಬ ಚಿಮಣಿಯ ಮುಂದಿನಿಂದ ಸರಿಯಲಿಲ್ಲ. ಆ ಅರ್ಧ ಗಂಟೆಯಲ್ಲಿ ದಾರದಕ್ಕ ಉಸಿರಾಡಿದ್ದು ಎಷ್ಟು ಸಲವೋ, ಅವಳಿಗೇ ನೆನಪಿಲ್ಲ.

"ಎತ್ತಿ," ಎಂದ ಅಧಿಕಾರಿ.

ಗಂಡ ನಿಧಾನವಾಗಿ ಮುಂದೆ ಬಂದ, ಅವಳು ಹಗ್ಗ ಸೇದಿಕೊಂಡಳು. ಹಸಿರು, ಹಳದಿ, ಕೆಂಪು. ಹಗ್ಗ ನೆಟ್ಟಗೆ ನಿಂತಿತು. ಎಳೆದಳು. ಅಲುಗಲಿಲ್ಲ. ಮೈಯ ಬಲವನ್ನೆಲ್ಲ ಹಾಕಿ ಎಳೆದಳು. ಸಿಕ್ಕಿಕೊಂಡಿತ್ತು, ಭಾನುವಾರದ ಹಾಗೇ. ಗೂಟಕ್ಕೆ ಎರಡು ಸುತ್ತು ಬಿಗಿದು ಹಿಂತಿರುಗಿ ನೋಡಿದಳು.

ಗಂಡ ಅರ್ಧ ಎದ್ದು ನಿಂತಿದ್ದ. ಎಡಗೈ ಚುಕ್ಕಾಣಿಯ ಮೇಲಿತ್ತು. ಬಲಗೈ ಗಾಳಿಯಲ್ಲಿತ್ತು, ಬೆರಳುಗಳು ಹಗ್ಗ ಹಿಡಿಯುವ ಹಾಗೆ ಮಡಚಿಕೊಂಡಿದ್ದವು. ಅವನ ಕಣ್ಣು ಅವಳನ್ನು ನೋಡುತ್ತಿರಲಿಲ್ಲ, ಹಗ್ಗವನ್ನು ನೋಡುತ್ತಿತ್ತು. ನಾಲ್ಕು ಹೆಜ್ಜೆ ದೂರ. ಆ ನಾಲ್ಕು ಹೆಜ್ಜೆ ಇಟ್ಟರೆ ಪರೀಕ್ಷೆಯೂ ಹೋಯಿತು, ತೋಳೂ ಹೋಯಿತು. ಅಧಿಕಾರಿ ಪುಸ್ತಕದಿಂದ ತಲೆ ಎತ್ತಿ ಆ ಕೈಯನ್ನೇ ನೋಡುತ್ತಿದ್ದ.

ಅವಳಿಗೆ ಓಡಿ ಹೋಗಿ ಆ ಕೈಯನ್ನು ಹಿಡಿದು ಕೂರಿಸಬೇಕು ಎನ್ನಿಸಿತು. ಆದರೆ ಲಂಗರಿಗೆ ನಿಂತವಳು ಅವಳು, ಹಗ್ಗ ಬಿಟ್ಟು ಹೋಗುವಂತಿಲ್ಲ. ಇರುವುದು ಬಾಯಿ ಮಾತ್ರ.

"ಕೂತ್ಕೊಳ್ರೀ!" ಎಂದು ಕೂಗಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನಿಗೆ ಹಾಗೆ ಹುಕುಂ ಮಾಡಿರಲಿಲ್ಲ. "ನನಗೆ ಎಂಜಿನ್ ಬೇಕು. ಪೂರ್ತಿ ಕೊಡಿ!"

ಅವನು ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಕೂತ. ಬಲಗೈಯನ್ನು ತಂದು ಎಡಗೈಯ ಮೇಲೆ ಇಟ್ಟು, ಎರಡನ್ನೂ ಚುಕ್ಕಾಣಿಗೆ ಒತ್ತಿ ಹಿಡಿದು, ಎಂಜಿನ್ನನ್ನು ಪೂರ್ತಿ ಕೊಟ್ಟ.

ದೋಣಿಯ ಮೂತಿ ಬಗ್ಗಿತು. ಅಧಿಕಾರಿ ಅಂಚನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. ಹಗ್ಗದಿಂದ ನೀರು ಹಿಂಡಿಕೊಂಡು ಹನಿಹನಿಯಾಗಿ ಸಿಡಿಯಿತು. ಎಲ್ಲೋ ಆಳದಲ್ಲಿ, ಕಿವಿಗೆ ಕೇಳದಷ್ಟು ಸಣ್ಣದಾಗಿ, ಆದರೆ ದಾರದಕ್ಕನ ಅಂಗೈಗೆ ಸ್ಪಷ್ಟವಾಗಿ ಗೊತ್ತಾಗುವಂತೆ, ಆರು ಸುತ್ತು ಹತ್ತಿ ದಾರ ಪಟಪಟ ಹರಿಯಿತು. ಜೀವನವಿಡೀ ಆ ಸದ್ದು ಕೇಳಿಸಬಾರದೆಂದು ಹೊಲಿದವಳು ಈಗ "ಹರೀತು! ಹರೀತು!" ಎಂದು ಮಗುವಿನಂತೆ ಕೂಗಿದಳು. ಹಗ್ಗ ಸಡಿಲವಾಯಿತು, ಆಮೇಲೆ ಅದರ ತುದಿಯಲ್ಲಿ ಒಂಬತ್ತು ಕಿಲೋ ತೂಗಾಡಿತು. ಅಷ್ಟು ಭಾರ ಅವಳಿಗೆ ಲೆಕ್ಕಕ್ಕಿರಲಿಲ್ಲ. ಕೈ ಮೇಲೆ ಕೈ ಹಾಕಿ ಸೇದಿ ಒಳಗೆ ಎಳೆದುಕೊಂಡಳು.

"ತಲೆಕೆಳಗಾಗಿ ಬಂತಲ್ಲಮ್ಮ," ಎಂದ ಅಧಿಕಾರಿ, ಕೆಸರು ಮೆತ್ತಿದ ಲಂಗರು ನೋಡಿ.

"ಹಾಗೇ ಬರ್ಬೇಕು ಸಾರ್. ಬಾಲದಿಂದ ಬಿಡಿಸಿದ್ದು."

"ನಿಂತಿರುವಾಗಲೇ ದಾರ ಹರಿದ್ರೆ?"

"ಪ್ರತಿ ಸಲ ಎತ್ತಿದ ಮೇಲೆ ಹಳೇ ದಾರ ಕತ್ತರಿಸಿ ಹೊಸದು ಕಟ್ತೀನಿ. ಗಾಳಿ ಇದಕ್ಕಿಂತ ಜೋರಿದ್ರೆ ಕಲ್ಲಿರೋ ಕಡೆ ನಿಲ್ಲೋದೇ ಇಲ್ಲ."

ಅಧಿಕಾರಿ ಬಹಳ ಹೊತ್ತು ಬರೆದ. ದಡ ಬಂದಾಗ ಇಬ್ಬರ ಹೆಸರನ್ನೂ ತುಂಬಿದ ಚೀಟಿ ಹರಿದು ಕೊಟ್ಟು, ಎರಡು ವರ್ಷ ಅಂದು, ಗಟ್ಟಿ ನೆಲದ ಮೇಲೆ ಕಾಲಿಟ್ಟವನೇ ಹಿಂತಿರುಗಿ ನೋಡದೆ ಹೋದ.

ದಾರದಕ್ಕ ಚೀಟಿಯನ್ನು ಒಳಗಿನ ಜೇಬಿಗೆ ಸೇರಿಸಿ, ದೋಣಿಯ ಹಿಂಬದಿಗೆ ಹೋಗಿ ಗಂಡನ ಪಕ್ಕ ಕೂತಳು. ಅವನ ಬಲಗೈ ಇನ್ನೂ ಎಡಗೈಯ ಮೇಲೇ ಇತ್ತು, ಚುಕ್ಕಾಣಿಗೆ ಒತ್ತಿಕೊಂಡು.

"ನೋವಾ?" ಎಂದು ಕೇಳಿದಳು.

"ಇಲ್ಲ." ಅವನು ಆ ಕೈಯನ್ನು ತಿರುಗಿಸಿ ನೋಡಿಕೊಂಡ. "ಇಪ್ಪತ್ತಾರು ವರ್ಷ ಲಂಗರು ಎತ್ತಿದ್ದೀನಿ. ಇವತ್ತು ಎತ್ತದೆ ಕೂತೆನಲ್ಲ, ಅಷ್ಟು ಕಷ್ಟ ನಾನು ಯಾವತ್ತೂ ಪಟ್ಟಿಲ್ಲ ಕಣೇ. ಕೈ ನನ್ನ ಮಾತೇ ಕೇಳ್ತಿರ್ಲಿಲ್ಲ."

"ಗೊತ್ತು. ಹಗ್ಗ ಯಾರು ನೋಡ್ತಿದ್ರು? ನಾನು ನಿಮ್ಮ ಕೈಯನ್ನೇ ನೋಡ್ತಿದ್ದೆ."

ದೂರದಲ್ಲಿ ನಿಂತ ದೊಡ್ಡ ದೋಣಿಯೊಂದರ ಅಂಚಿನಲ್ಲಿ ಮೂವರು ಆಳುಗಳು ಚೀಲ ಹೆಗಲಿಗೇರಿಸಿಕೊಂಡು ದಡದ ಕಡೆ ಕೈ ಬೀಸುತ್ತಿದ್ದರು. ಎಂಟು ತಿಂಗಳಲ್ಲಿ ಹಾಗೆ ಕೈ ಬೀಸಿದವರನ್ನು ಬೇರೆಯವರು ಹೋಗಿ ಕರೆತಂದಿದ್ದರು.

"ಹೋಗೋಣ್ವಾ?" ಎಂದ ಗಂಡ. "ಆದ್ರೆ ನೀನು ಅಂಗಡಿ ತೆಗೀಬೇಕಲ್ಲ."

"ಅತ್ತೆ ಇದಾರೆ, ನೋಡ್ಕೋತಾರೆ," ಎಂದಳು ದಾರದಕ್ಕ. ಜೇಬಿನಿಂದ ಹತ್ತಿ ದಾರದ ಉಂಡೆ ತೆಗೆದು, ಲಂಗರನ್ನು ಕಾಲುಗಳ ನಡುವೆ ಇಟ್ಟುಕೊಂಡು, ಹೊಸ ಆರು ಸುತ್ತು ಸುತ್ತಲು ಕೂತಳು. ಅವನು ಎಂಜಿನ್ ಶುರು ಮಾಡಿದ.